ಅತಿಥಿ ಎದ್ದು ಹೋದ ಮೇಲೆ

ಮನೆಗೆ ಬಂದ ಅತಿಥಿಗೆ ಊಟವಿಕ್ಕಿ, ಹಾಡು-ಕಥೆಗಳಿಂದ ಅವನ ಮನಸ್ಸನ್ನೂ ತಣಿಸಿ ಕಳುಹಿಸುವುದು ಎಲ್ಲ ನಾಡುಗಳಲ್ಲಿಯೂ ನಡೆದುಬಂದ ಧರ್ಮ. ಈ ಧರ್ಮಕ್ಕೆ ಟಿಕೇಟು, ವೇಳಾಪಟ್ಟಿ, ಧ್ವನಿವರ್ಧಕಗಳು ಸೇರಿಕೊಂಡಾಗ ಅದು ಉದ್ಯಮವಾಗುತ್ತದೆ. ಸಂಜೆ ಐದು ಗಂಟೆಗೆ ಸ್ವಾಗತದ ಹೂಮಾಲೆ, ಆರಕ್ಕೆ ಸಾಂಪ್ರದಾಯಿಕ ಭೋಜನ, ಏಳಕ್ಕೆ ಜಾನಪದ ನೃತ್ಯ, ಒಂಬತ್ತಕ್ಕೆ ಹೋಟೆಲಿಗೆ ಮರಳುವ ಬಸ್ಸು - ಇಂಥ ಸಂಜೆಗಳು ಇಂದು ರಾಜಸ್ಥಾನದ ಮರಳಿನಲ್ಲಿಯೂ, ಕೇರಳದ ಹಿನ್ನೀರಿನ ದಡದಲ್ಲಿಯೂ, ಬಾಲಿ ದ್ವೀಪದಲ್ಲಿಯೂ ನಡೆಯುತ್ತಿವೆ. ಒಂದು ಜನಾಂಗದ ಬದುಕನ್ನು ಹೀಗೆ ಮೂರು-ನಾಲ್ಕು ಗಂಟೆಗಳಲ್ಲಿ ಬಡಿಸಿ ಮುಗಿಸುವುದರಿಂದ ಆ ಜನಾಂಗಕ್ಕೆ ಲಾಭವೋ ನಷ್ಟವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆ ಪ್ರವಾಸಿಗರನ್ನು ಕಾಯುವ ಊರುಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ವರ್ಷಕ್ಕೊಮ್ಮೆ ಸಭಾಭವನವನ್ನು ಗೊತ್ತುಮಾಡಿ, ನೃತ್ಯ-ನಾಟಕಗಳನ್ನಾಡಿಸಿ, ಕೊನೆಗೆ ಊರಿನ ಊಟವನ್ನಿಕ್ಕಿ ಮನೆಗೆ ಕಳುಹಿಸುವ ಹೊರನಾಡ ಕನ್ನಡ ಸಂಘಗಳಿಗೂ ಇದು ಸಲ್ಲುತ್ತದೆ. ಆದರೆ ತಮ್ಮ ಮುಖವನ್ನು ತಾವೇ ಕಾಣುವುದು ಕಷ್ಟ, ಕನ್ನಡಿಯೊಂದು ಬೇಕು. ಅಂಥ ಕನ್ನಡಿಯಾಗಬಲ್ಲುದು ಪೆಸಿಫಿಕ್ ಮಹಾಸಾಗರದ ನಡುವಿನ ಹವಾಯಿ ದ್ವೀಪಸಮೂಹ. ಊಟ ಮತ್ತು ಆಟಗಳನ್ನು ಒಂದುಗೂಡಿಸಿ ಪ್ರವಾಸಿಗರಿಗೆ ಮಾರುವ ಕಲೆ ಅಲ್ಲಿ ಬೆಳೆದಷ್ಟು ಬೇರೆಡೆ ಬೆಳೆದಿಲ್ಲ. ಆ ಕಲೆಯಿಂದ ಬಂದ ಗಳಿಕೆ ಮತ್ತು ಹಾನಿ ಎರಡೂ ಅಲ್ಲಿ ನಿಚ್ಚಳವಾಗಿ ಕಾಣುತ್ತವೆ.

ಕೆಸುವಿನ ಎಲೆಯ ಹೆಸರು

ಹವಾಯಿಯ ಈ ಔತಣದ ಸಂಜೆಗೆ 'ಲುಆವು' ಎಂದು ಹೆಸರು. ಈ ಪದದ ಮೂಲ ಅರ್ಥವನ್ನು ತಿಳಿದರೆ ಕನ್ನಡಿಗರಿಗೆ ಆಶ್ಚರ್ಯವೂ ಸಂತೋಷವೂ ಆಗದಿರದು. ಲುಆವು ಎಂದರೆ ಕೆಸುವಿನ ಎಲೆ! ಮಳೆಗಾಲದಲ್ಲಿ ಕರಾವಳಿ ಮತ್ತು ಮಲೆನಾಡುಗಳ ಮನೆಗಳಲ್ಲಿ ಅಕ್ಕಿ-ಮಸಾಲೆಯ ಹಿಟ್ಟು ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿ ಪತ್ರೊಡೆ ಮಾಡುವ ಎಲೆಯೇ ಅದು. ಮುಂಬಯಿ-ಪುಣೆಗಳಲ್ಲಿ ನೆಲೆಸಿದವರು ನೆರೆಮನೆಯ ಮರಾಠಿ ಗೃಹಿಣಿಯ 'ಅಳುವಡಿ'ಯಲ್ಲಿಯೂ ಇದನ್ನು ಕಂಡಿರುತ್ತಾರೆ. ಹವಾಯಿಯವರು ಈ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಔತಣಗಳಲ್ಲಿ ಬಡಿಸುತ್ತಿದ್ದರು. ಔತಣಕ್ಕೆ ಅವರ ಹಳೆಯ ಭಾಷೆಯಲ್ಲಿ ಬೇರೆಯೇ ಪದವಿದ್ದಿತು. 1856ರ ವೇಳೆಗೆ ಅಲ್ಲಿಯ ಇಂಗ್ಲಿಷ್ ಪತ್ರಿಕೆಯೊಂದು ಔತಣವನ್ನೇ ಲುಆವು ಎಂದು ಕರೆದುದು ಕಂಡುಬರುತ್ತದೆ. ಎಲೆಯ ಮೇಲೆ ಬಡಿಸಿದುದರ ಹೆಸರು ಹೋಗಿ ಎಲೆಯ ಹೆಸರೇ ಊಟಕ್ಕೆ ನಿಂತಿತು.

ಕೆಸು ಅಲ್ಲಿಯವರಿಗೆ ಕೇವಲ ತರಕಾರಿಯಲ್ಲ. ಅವರ ಪುರಾಣದ ಪ್ರಕಾರ ಆಕಾಶ ಪುರುಷನಿಗೆ ಹುಟ್ಟಿದ ಮೊದಲನೆಯ ಶಿಶು ಜೀವವಿಲ್ಲದೆ ಹುಟ್ಟಿತು. ಅದನ್ನು ಹೂಳಿದ ನೆಲದಿಂದ ಕೆಸುವಿನ ಗಿಡ ಚಿಗುರಿತು. ಎರಡನೆಯ ಶಿಶುವಿನಿಂದ ಮನುಷ್ಯಕುಲ ಬೆಳೆಯಿತು. ಹೀಗಾಗಿ ಕೆಸು ಮನುಷ್ಯನಿಗೆ ಅಣ್ಣ. ಅಣ್ಣನು ತಮ್ಮನನ್ನು ಉಣಿಸುವನು, ತಮ್ಮನು ಅಣ್ಣನ ಗದ್ದೆಯನ್ನು ಕಾಯಬೇಕು. ಕೆಸುವಿನ ಗೆಡ್ಡೆಯನ್ನು ಬೇಯಿಸಿ ಕುಟ್ಟಿ ಮಾಡುವ 'ಪೊಯಿ' ಎಂಬ ಅಂಬಲಿಯಂಥ ಆಹಾರವೇ ಅವರ ನಿತ್ಯದ ಅನ್ನ. ಪೊಯಿ ತುಂಬಿದ ಬುರುಡೆಯ ಮುಚ್ಚಳ ತೆರೆದಿರುವಾಗ ಮನೆಯಲ್ಲಿ ಯಾರೂ ಜಗಳವಾಡಕೂಡದೆಂಬ ನಿಯಮವಿದ್ದಿತು. ಹಿರಿಯಣ್ಣನ ಎದುರಿನಲ್ಲಿ ಕಲಹವೇ? ಕುಟುಂಬಕ್ಕೆ ಅವರು ಹೇಳುವ 'ಓಹನ' ಎಂಬ ಪದವೂ ಕೆಸುವಿನ ಗೆಡ್ಡೆಯ ಪಕ್ಕದಲ್ಲಿ ಒಡೆಯುವ ಮರಿಗಳ ಹೆಸರಿನಿಂದಲೇ ಬಂದುದು. 'ಬಾಳೆಯ ಕಂದು' ಎಂದೊಡನೆ ತಾಯಿ-ಮಕ್ಕಳ ನೆನಪಾಗುವ ಕನ್ನಡಿಗರಿಗೆ ಈ ಭಾವವನ್ನು ವಿವರಿಸಿ ಹೇಳಬೇಕಾದುದಿಲ್ಲ.

ಅರಸನ ಪಂಕ್ತಿಯಿಂದ ಪ್ರವಾಸಿಯ ಪಂಕ್ತಿಗೆ

ಪಂಕ್ತಿಭೋಜನದ ಇತಿಹಾಸವೆಂದರೆ ಸಮಾಜದ ಇತಿಹಾಸವೇ. ಯಾರು ಯಾರ ಪಕ್ಕದಲ್ಲಿ ಕುಳಿತು ಉಣ್ಣಬಹುದೆಂಬ ಕಟ್ಟುಪಾಡುಗಳು ಭಾರತೀಯರಿಗೆ ಹೊಸತಲ್ಲ. ಹವಾಯಿಯಲ್ಲಿಯೂ ಗಂಡಸರು ಮತ್ತು ಹೆಂಗಸರು ಒಟ್ಟಿಗೆ ಉಣ್ಣುವಂತಿರಲಿಲ್ಲ. ಹಂದಿಮಾಂಸ, ತೆಂಗಿನಕಾಯಿ, ಹಲವು ಬಗೆಯ ಬಾಳೆಹಣ್ಣುಗಳು ಹೆಂಗಸರಿಗೆ ನಿಷಿದ್ಧವಾಗಿದ್ದವು. 1819ರಲ್ಲಿ ಎರಡನೆಯ ಕಮೆಹಮೆಹ ಅರಸನು ರಾಜಮನೆತನದ ಸ್ತ್ರೀಯರೊಡನೆ ಕುಳಿತು ಎಲ್ಲರೆದುರು ಉಂಡನು. ಆ ಒಂದು ಊಟದಿಂದ ಶತಮಾನಗಳ ನಿಷೇಧ ಮುರಿದುಬಿದ್ದಿತು. ಎಲ್ಲರೂ ಒಂದೆಡೆ ಕುಳಿತು ಉಣ್ಣುವ ಮುಂದಿನ ಔತಣಗಳಿಗೆ ಅಂದು ದಾರಿಯಾಯಿತು. ಮೂರನೆಯ ಕಮೆಹಮೆಹನ ಕಾಲದಲ್ಲಿ, 1847ರಲ್ಲಿ, ನಡೆದ ಒಂದು ಔತಣಕ್ಕೆ 271 ಹಂದಿಗಳು, 602 ಕೋಳಿಗಳು ಮತ್ತು 482 ದೊಡ್ಡ ಬುರುಡೆಗಳಷ್ಟು ಪೊಯಿ ಖರ್ಚಾದವೆಂದು ದಾಖಲೆಯಿದೆ. ಶಾಕಾಹಾರಿ ವಾಚಕರಿಗೆ ಈ ಪಟ್ಟಿ ರುಚಿಸದಿರಬಹುದು. ಆದರೆ ಅದು ಅರಸನು ಪ್ರಜೆಗಳಿಗೆ ಇಕ್ಕಿದ ಊಟವಾಗಿದ್ದಿತೇ ಹೊರತು ಮಾರಿದ ಊಟವಾಗಿರಲಿಲ್ಲ ಎಂಬುದು ಇಲ್ಲಿ ಮುಖ್ಯ.

ಊಟದ ಜೊತೆಗೆ ಕುಣಿತವೂ ಇದ್ದಿತು. ಹವಾಯಿಯ 'ಹೂಲಾ' ನೃತ್ಯವು ದೇವತೆಗಳ, ಅರಸರ, ಊರುಗಳ ಚರಿತ್ರೆಯನ್ನು ಹೇಳುವ ಹಾಡುಗಳಿಗೆ ಅಭಿನಯ. ಲಿಪಿಯಿಲ್ಲದ ಕಾಲದಲ್ಲಿ ಆ ಜನರ ಪುಸ್ತಕಭಂಡಾರವೇ ಅದು. 1820ರಲ್ಲಿ ಕ್ರೈಸ್ತ ಪಾದ್ರಿಗಳು ಬಂದ ಮೇಲೆ ಇದನ್ನು ಅಸಭ್ಯವೆಂದು ಹಳಿಯಲಾಯಿತು. 1830ರಲ್ಲಿ ಮತಾಂತರ ಹೊಂದಿದ್ದ ರಾಣಿ ಕಅಹುಮನು ಇದರ ಬಹಿರಂಗ ಪ್ರದರ್ಶನವನ್ನೇ ನಿಷೇಧಿಸಿದಳು. ಗುರುಗಳು ಹಳ್ಳಿಗಳಲ್ಲಿ ಸದ್ದಿಲ್ಲದೆ ಕಲಿಸಿ ಅದನ್ನು ಉಳಿಸಿದರು. 1874ರಿಂದ 1891ರವರೆಗೆ ಆಳಿದ ಕಲಾಕೌವ ಅರಸನು 1883ರ ತನ್ನ ಪಟ್ಟಾಭಿಷೇಕದ ಉತ್ಸವದಲ್ಲಿ ಹೂಲಾವನ್ನು ಮತ್ತೆ ಬೆಳಕಿಗೆ ತಂದನು. ಆದರೆ 1893ರಲ್ಲಿ ಅವನ ತಂಗಿ ರಾಣಿ ಲಿಲಿಉಒಕಲಾನಿಯನ್ನು ಗದ್ದುಗೆಯಿಂದಿಳಿಸಲಾಯಿತು. 1898ರಲ್ಲಿ ಹವಾಯಿಯು ಅಮೆರಿಕಕ್ಕೆ ಸೇರಿಹೋಯಿತು.

ಅರಸರು ಹೋದ ಮೇಲೆ ಬಂದವರು ಪ್ರವಾಸಿಗರು. 1937ರಲ್ಲಿ ವೈಕೀಕಿ ಕಡಲತೀರದಲ್ಲಿ ಒಂದು ಉಚಿತ ಹೂಲಾ ಪ್ರದರ್ಶನ ಆರಂಭವಾಯಿತು. ನಡೆಸುತ್ತಿದ್ದುದು ಕ್ಯಾಮರಾ-ಫಿಲ್ಮು ತಯಾರಿಸುವ ಕೊಡಕ್ ಕಂಪನಿ. ಫಿಲ್ಮಿಗೆ ಬಿಸಿಲು ಬೇಕೆಂದು ನೃತ್ಯವನ್ನು ಹಗಲಿನಲ್ಲಿಯೇ ಇಟ್ಟರು. ಪ್ರವಾಸಿಗರು ಚಿತ್ರ ತೆಗೆದುಕೊಂಡರು, ಫಿಲ್ಮು ಮಾರಾಟವಾಯಿತು. ಈ ಪ್ರದರ್ಶನ 2002ರವರೆಗೆ ನಡೆಯಿತು. 1959ರಲ್ಲಿ ಹವಾಯಿಯು ಅಮೆರಿಕದ ಐವತ್ತನೆಯ ರಾಜ್ಯವಾದಾಗ ವರ್ಷಕ್ಕೆ ಬರುತ್ತಿದ್ದ ಪ್ರವಾಸಿಗರು ಸುಮಾರು ಎರಡೂವರೆ ಲಕ್ಷ. ಜೆಟ್ ವಿಮಾನಗಳು ಬಂದ ಮೇಲೆ ಈ ಸಂಖ್ಯೆ ಬೆಳೆಯುತ್ತ ಹೋಗಿ, 2019ರಲ್ಲಿ ಒಂದು ಕೋಟಿಯನ್ನು ದಾಟಿತು. ಆ ರಾಜ್ಯದ ಜನಸಂಖ್ಯೆಯಾದರೋ ಸುಮಾರು ಹದಿನಾಲ್ಕು ಲಕ್ಷ. ಮನೆಯವರಿಗಿಂತ ಏಳು ಪಟ್ಟು ಅತಿಥಿಗಳು! ಇಷ್ಟು ಮಂದಿಗೆ ಅರಸನ ಔತಣವನ್ನು ಇಕ್ಕಬೇಕಾದರೆ ಅದು ಕಾರ್ಖಾನೆಯ ರೀತಿಯಲ್ಲಿಯೇ ಆಗಬೇಕು.

ಎರಡೂ ಪಕ್ಷಗಳ ಮಾತು

ಇಂದಿನ ಲುಆವು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ನಡೆಯುತ್ತದೆ. ಕಡಲತೀರದ ಹುಲ್ಲುಹಾಸಿನ ಮೇಲೆ ಉದ್ದನೆಯ ಮೇಜುಗಳು. ಬಂದವರ ಕೊರಳಿಗೆ ಹೂವಿನ ಇಲ್ಲವೆ ಚಿಪ್ಪಿನ ಮಾಲೆ. ಮುಳುಗುವ ಸೂರ್ಯನ ಬೆಳಕಿನಲ್ಲಿ ನೆಲದೊಳಗಿನ ಒಲೆಯನ್ನು ತೆರೆಯುವ ಸಂಭ್ರಮ; ಗುಂಡಿಯಲ್ಲಿ ಕಾಯಿಸಿದ ಕಲ್ಲುಗಳ ಮೇಲೆ ಬಾಳೆಯ ದಿಂಡು, ಎಲೆಗಳನ್ನು ಹೊದಿಸಿ ಗಂಟೆಗಟ್ಟಲೆ ಬೇಯಿಸಿದ ಮಾಂಸವನ್ನು ಹೊರತೆಗೆಯುತ್ತಾರೆ. ಆಮೇಲೆ ಊಟ, ಆಮೇಲೆ ರಂಗದ ಮೇಲೆ ದ್ವೀಪಗಳ ನೃತ್ಯಾವಳಿ. ಕೊನೆಯಲ್ಲಿ ಉರಿಯುವ ಕತ್ತಿಯನ್ನು ಗಿರಗಿರನೆ ತಿರುಗಿಸುವ ತರುಣನು ಬಂದಾಗ ಚಪ್ಪಾಳೆಯ ಸುರಿಮಳೆ.

ಆದರೆ ಆ ಉರಿಯುವ ಕತ್ತಿ ಹವಾಯಿಯದಲ್ಲ. ಅದು ನಾಲ್ಕು ಸಾವಿರ ಕಿಲೋಮೀಟರುಗಳಷ್ಟು ದೂರದ ಸಮೋವ ದ್ವೀಪಗಳದು. ಅಲ್ಲಿಯ ಹಳೆಯ ಕತ್ತಿಯಾಟಕ್ಕೆ ಬೆಂಕಿ ಸೇರಿದುದು ಕೂಡ 1940ರ ದಶಕದಲ್ಲಿ, ಫ್ರೆಡ್ಡಿ ಲೆಟುಲಿ ಎಂಬ ಸಮೋವದ ಕಲಾವಿದನಿಂದ, ಅಮೆರಿಕದ ರಂಗಭೂಮಿಯ ಮೇಲೆ. ಸೊಂಟವನ್ನು ವೇಗವಾಗಿ ಕುಲುಕಿಸುವ ನೃತ್ಯ ಟಹೀಟಿ ದ್ವೀಪದ್ದು. ತಟ್ಟೆಯಲ್ಲಿನ ಸಾಲ್ಮನ್ ಮೀನು ಮತ್ತು ಟೊಮ್ಯಾಟೊಗಳೂ ಹೊರಗಿನಿಂದ ಬಂದವು. ಯಕ್ಷಗಾನ, ಭಾಂಗ್ಡಾ, ಲಾವಣಿಗಳನ್ನು ಒಂದೇ ರಂಗಕ್ಕೆ ತಂದು ಇದೇ ಕರ್ನಾಟಕ ಎಂದು ತೋರಿಸಿದರೆ ಹೇಗಿರುವುದೋ ಹಾಗೆ ಇದು. ನೋಡುವವನಿಗೆ ವ್ಯತ್ಯಾಸ ತಿಳಿಯದು. ತಿಳಿಸುವ ವ್ಯವಧಾನ ತೋರಿಸುವವನಿಗೂ ಎಷ್ಟೋ ವೇಳೆ ಇರುವುದಿಲ್ಲ.

ಈ ಕಾರಣದಿಂದಲೇ ಹವಾಯಿಯ ಚಿಂತಕಿ ಹೌನಾನಿ-ಕೇ ಟ್ರಾಸ್ಕ್ ಅವರು 1993ರಲ್ಲಿ ಪ್ರಕಟವಾದ ತಮ್ಮ ಪ್ರಬಂಧ ಸಂಕಲನದಲ್ಲಿ ಪ್ರವಾಸೋದ್ಯಮವನ್ನು ಅತ್ಯಂತ ಕಟುವಾಗಿ ಖಂಡಿಸಿದರು. ನೆಲವನ್ನು ಕಳೆದುಕೊಂಡ ಜನರ ನಗುಮುಖವನ್ನೂ ಮಾರಾಟಕ್ಕಿಟ್ಟಂತಾಯಿತೆಂಬುದು ಅವರ ವಾದದ ಸಾರ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಅದು ಪೂರ್ಣಸತ್ಯವಲ್ಲ. ಲಾಇಎ ಎಂಬ ಊರಿನಲ್ಲಿ 1963ರಲ್ಲಿ ಆರಂಭವಾದ ಪಾಲಿನೇಷ್ಯನ್ ಸಾಂಸ್ಕೃತಿಕ ಕೇಂದ್ರದಲ್ಲಿ ನೆರೆಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ದುಡಿದು ವಿದ್ಯಾಭ್ಯಾಸದ ವೆಚ್ಚಕ್ಕೆ ದಾರಿ ಮಾಡಿಕೊಳ್ಳುತ್ತಾರೆ. ರಾತ್ರಿ ಲುಆವುಗಳಲ್ಲಿ ಕುಣಿದು ಸಂಸಾರ ಸಾಗಿಸುವ ಕಲಾವಿದರು ಬಹಳ ಮಂದಿ. 2020ರಲ್ಲಿ ಕೊರೋನಾ ಪಿಡುಗಿನಿಂದ ವಿಮಾನಗಳು ನಿಂತಾಗ ಅವರ ಆದಾಯವೂ ನಿಂತುಹೋಯಿತು. ಹಸಿದ ಕಲಾವಿದನಿಗೆ ಕಲೆಯ ಶುದ್ಧಿಯನ್ನು ಬೋಧಿಸುವುದು ಸುಲಭ. ಅವನ ಒಲೆ ಹೊತ್ತಿಸುವುದು ಸುಲಭವಲ್ಲ. ಕರ್ನಾಟಕದ ಡೊಳ್ಳು ಕುಣಿತ, ವೀರಗಾಸೆಗಳ ತಂಡಗಳಿಗೂ ಇಂದು ಉತ್ಸವ-ಸಮಾರಂಭಗಳ ಸಂಭಾವನೆ ಬೇಡವಾದುದಲ್ಲ.

ಆದುದರಿಂದ ಪ್ರದರ್ಶನವು ಒಳಿತೇ ಕೆಡುಕೇ ಎಂದು ಕೇಳುವುದಕ್ಕಿಂತ, ಅದರ ಬೆನ್ನಿಗೆ ಏನಿದೆ ಎಂದು ಕೇಳುವುದು ಮೇಲು. ಅಸಲು ಇದ್ದರೆ ಬಡ್ಡಿ ಬರುತ್ತದೆ; ಬಡ್ಡಿಯನ್ನು ಖರ್ಚು ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಅಸಲನ್ನೇ ತೆಗೆದು ಖರ್ಚು ಮಾಡುತ್ತ ಅದನ್ನು ಬಡ್ಡಿಯೆಂದು ಭ್ರಮಿಸುವ ಮನೆತನ ಒಂದು ದಿನ ಬರಿಗೈಯಾಗುವುದು ಖಂಡಿತ. ಸಂಸ್ಕೃತಿಯ ಅಸಲೆಂದರೆ ನಿತ್ಯದ ಅನ್ನ ಮತ್ತು ನಿತ್ಯದ ಮಾತು. ಈ ಎರಡರ ಲೆಕ್ಕವನ್ನೂ ಹವಾಯಿಯಲ್ಲಿ ನೋಡಬಹುದಾಗಿದೆ.

ನಿತ್ಯದ ಅನ್ನ

ಪ್ರವಾಸಿಯ ಮೇಜಿನ ಮೇಲೆ ಪೊಯಿ ಪ್ರತಿ ಸಂಜೆಯೂ ಬರುತ್ತದೆ. ಹೆಚ್ಚಿನವರು ಒಂದು ಬೆರಳಲ್ಲಿ ಮುಟ್ಟಿ, ನಾಲಿಗೆಗೆ ಹಚ್ಚಿ, ಮುಖ ಕಿವುಚಿ ಪಕ್ಕಕ್ಕಿಡುತ್ತಾರೆ. ಅದೇ ವೇಳೆಗೆ ಆ ನೆಲದ ಮೂಲನಿವಾಸಿಗಳ ಮನೆಗಳಲ್ಲಿ ಪೊಯಿ ಅಪರೂಪವಾಯಿತು. ಕಬ್ಬಿನ ತೋಟಗಳ ಒಡೆಯರು ಹೊಳೆಗಳ ನೀರನ್ನು ಕಾಲುವೆಗಳಲ್ಲಿ ತಿರುಗಿಸಿಕೊಂಡ ಕಾರಣ ಕೆಸುವಿನ ಗದ್ದೆಗಳು ಒಣಗಿದ್ದವು. ಹಡಗಿನಲ್ಲಿ ಬಂದ ಬಿಳಿಯ ಅಕ್ಕಿ, ಡಬ್ಬಿಯ ಮಾಂಸ, ಸಕ್ಕರೆಯ ಪಾನೀಯಗಳು ಅಡಿಗೆಮನೆಯನ್ನು ಹೊಕ್ಕವು. ಸ್ಥೂಲಕಾಯ, ಮಧುಮೇಹ, ಹೃದ್ರೋಗಗಳು ಮೂಲನಿವಾಸಿಗಳಲ್ಲಿ ಹೆಚ್ಚಿದುವು.

1980ರ ದಶಕದ ಕೊನೆಯಲ್ಲಿ ಓಆಹು ದ್ವೀಪದ ವೈಅನೈ ಎಂಬಲ್ಲಿ ವೈದ್ಯರಾದ ಟೆರಿ ಶಿಂಟಾನಿ ಮತ್ತು ಸಂಗಡಿಗರು ಒಂದು ಪ್ರಯೋಗ ನಡೆಸಿದರು. ದೇಹತೂಕ ಮಿತಿಮೀರಿದ್ದ 20 ಮಂದಿ ಮೂಲನಿವಾಸಿಗಳಿಗೆ ಮೂರು ವಾರಗಳ ಕಾಲ ಅವರ ಹಿರಿಯರ ಆಹಾರವನ್ನೇ ಕೊಟ್ಟರು. ಕೆಸುವಿನ ಗೆಡ್ಡೆ, ಪೊಯಿ, ಗೆಣಸು, ಸೊಪ್ಪು, ಹಣ್ಣು, ಅಲ್ಪ ಪ್ರಮಾಣದಲ್ಲಿ ಮೀನು ಮತ್ತು ಕೋಳಿ. ಹೊಟ್ಟೆ ತುಂಬುವಷ್ಟು ತಿನ್ನಲು ಅಡ್ಡಿಯಿರಲಿಲ್ಲ. ಆದರೂ ತೂಕವು ಸರಾಸರಿ ಏಳು ಕಿಲೋಗ್ರಾಮಿಗೂ ಹೆಚ್ಚು ಇಳಿಯಿತು. ರಕ್ತದಲ್ಲಿನ ಕೊಲೆಸ್ಟರಾಲ್ ಶೇಕಡಾ 14ರಷ್ಟು ತಗ್ಗಿತು. 1991ರಲ್ಲಿ ಇದರ ಫಲಿತಾಂಶ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದು ಸಣ್ಣ ಗುಂಪಿನ ಅಲ್ಪಕಾಲದ ಪ್ರಯೋಗ. ಇದನ್ನೇ ಎಲ್ಲ ರೋಗಗಳಿಗೆ ಮದ್ದೆಂದು ತಿಳಿಯುವುದು ಅವಿವೇಕ. ಸಕ್ಕರೆ ಕಾಯಿಲೆಗೆ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಆಹಾರಕ್ರಮವನ್ನು ಒಮ್ಮೆಲೆ ಬದಲಿಸುವುದೂ ಅಪಾಯಕರ. ಕೆಸುವಿನ ಮಾತಂತೂ ಸರಿಯೇ. ಅದರಲ್ಲಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಗಂಟಲನ್ನು ತುರಿಸುವುದರಿಂದ ಹುಣಿಸೆಹುಳಿ ಸೇರಿಸಿ ಚೆನ್ನಾಗಿ ಬೇಯಿಸಬೇಕೆಂಬುದನ್ನು ಕನ್ನಡ ನಾಡಿನ ಅಜ್ಜಿಯರು ಬಲ್ಲರು. ಮೂತ್ರಪಿಂಡದ ಕಲ್ಲಿನ ತೊಂದರೆಯಿರುವವರು ಇದನ್ನು ಮಿತವಾಗಿ ತಿನ್ನುವುದೊಳಿತು.

ವೈಅನೈಯ ಪ್ರಯೋಗದಿಂದ ತಿಳಿಯಬೇಕಾದುದು ಇಷ್ಟು. ಹಿರಿಯರ ಊಟವು ಪ್ರವಾಸಿಯ ಮೇಜಿನ ಮೇಲೆ ಪ್ರತಿದಿನವೂ ಮೆರೆಯುತ್ತಿದ್ದಾಗ, ಆ ಊಟ ಯಾರದೋ ಅವರಿಗೆ ಅದನ್ನು ವೈದ್ಯರು ಮತ್ತೆ ಪರಿಚಯಿಸಬೇಕಾಯಿತು. ಪ್ರದರ್ಶನದಲ್ಲಿ ಉಳಿದುದು ಮನೆಯಲ್ಲಿ ಉಳಿಯಿತೆಂದು ಅರ್ಥವಲ್ಲ.

ನಿತ್ಯದ ಮಾತು

ಮಾತಿನ ಕಥೆ ಇನ್ನೂ ಗಂಭೀರವಾದುದು. ಹವಾಯಿ ಭಾಷೆಯ ಮೊದಲ ಪತ್ರಿಕೆ 1834ರಲ್ಲಿ ಹೊರಟಿತು. ಮುಂದಿನ ನೂರು ವರ್ಷಗಳಲ್ಲಿ ಆ ಸಣ್ಣ ನಾಡಿನಲ್ಲಿ ಹತ್ತಾರು ಪತ್ರಿಕೆಗಳು ದೇಶಭಾಷೆಯಲ್ಲಿ ನಡೆದವು. ಆದರೆ 1896ರ ಶಾಸನವು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಮಾಧ್ಯಮವನ್ನಾಗಿ ಮಾಡಿತು. ತಾಯಿನುಡಿಯಾಡಿದ ಮಕ್ಕಳಿಗೆ ಶಾಲೆಯಲ್ಲಿ ಶಿಕ್ಷೆಯಾಗುತ್ತಿತ್ತು. ಮಕ್ಕಳ ಏಳಿಗೆಗೆಂದು ತಂದೆತಾಯಿಗಳೂ ಮನೆಯಲ್ಲಿ ಇಂಗ್ಲಿಷಿಗೆ ತಿರುಗಿದರು. 1980ರ ದಶಕದ ಆರಂಭದ ವೇಳೆಗೆ ಆ ಭಾಷೆಯನ್ನು ಚೆನ್ನಾಗಿ ಆಡಬಲ್ಲ ಮಕ್ಕಳ ಸಂಖ್ಯೆ ಐವತ್ತನ್ನೂ ಮೀರದೆಂದು ಅಂದಾಜಿಸಲಾಗಿತ್ತು.

ಆಗಲೂ ಲುಆವುಗಳು ನಡೆಯುತ್ತಿದ್ದವು. ಸಂಜೆ ತಪ್ಪದೆ ಹೂಲಾ ನಡೆಯುತ್ತಿತ್ತು. 'ಅಲೋಹ' ಎಂಬ ಸ್ವಾಗತವಚನ ವಿಮಾನನಿಲ್ದಾಣದಿಂದ ಹೋಟೆಲಿನ ಕೋಣೆಯವರೆಗೆ ಕೇಳಿಸುತ್ತಿತ್ತು. ಹೂಲಾದ ಕೈಗಳು ಹಾಡಿನ ಮಾತುಗಳನ್ನು ಅಭಿನಯಿಸುವುವು. ಮಾತು ಸತ್ತರೆ ಕೈಗಳು ಬರಿಯ ಚಲನೆಯಾಗುತ್ತವೆ. ಅರ್ಥಗಾರಿಕೆಯನ್ನು ತೆಗೆದುಹಾಕಿದ ಯಕ್ಷಗಾನದಲ್ಲಿ ಕಿರೀಟ ಮತ್ತು ಕುಣಿತಗಳಷ್ಟೇ ಉಳಿಯುವಂತೆ. ನಲವತ್ತು-ಐವತ್ತು ವರ್ಷಗಳ ಯಶಸ್ವೀ ಪ್ರದರ್ಶನವು ಒಂದು ಭಾಷೆಯನ್ನು ಉಳಿಸಲಾರದೆ ಹೋಯಿತೆಂಬುದನ್ನು ಸಾಂಸ್ಕೃತಿಕ ಸಂಜೆಗಳ ಮೇಲೆಯೇ ಭರವಸೆಯಿಟ್ಟವರೆಲ್ಲರೂ ಗಮನಿಸಬೇಕು.

ಉಳಿಸಿದವರು ಬೇರೆಯವರು. 1970ರ ದಶಕದಲ್ಲಿ ಹವಾಯಿಯ ತರುಣರಲ್ಲಿ ಹೊಸ ಎಚ್ಚರ ಮೂಡಿತು. 1971ರಿಂದ ಹೀಲೊ ಎಂಬ ಊರಿನಲ್ಲಿ, ಕಲಾಕೌವ ಅರಸನ ನೆನಪಿನಲ್ಲಿ ನಡೆಯುವ ಮೆರಿ ಮೊನಾರ್ಕ್ ಉತ್ಸವದಲ್ಲಿ, ಹೂಲಾ ಗುರುಗಳು ತಮ್ಮ ಶಿಷ್ಯರೊಡನೆ ಸ್ಪರ್ಧೆಗಿಳಿದರು. ಅಲ್ಲಿ ಪ್ರಾಚೀನ ಶೈಲಿಗೆ ಪ್ರತ್ಯೇಕ ಸ್ಥಾನವಿದೆ. ಹಾಡಿನ ಅರ್ಥವನ್ನರಿಯದೆ ಕುಣಿದರೆ ಬಲ್ಲವರು ಒಪ್ಪರು. 1978ರಲ್ಲಿ ರಾಜ್ಯದ ಸಂವಿಧಾನವು ಹವಾಯಿ ಭಾಷೆಗೆ ಇಂಗ್ಲಿಷಿನೊಡನೆ ಅಧಿಕೃತ ಸ್ಥಾನವನ್ನು ಕೊಟ್ಟಿತು. 1984ರಲ್ಲಿ 'ಪೂನಾನಾ ಲೆಓ' ಎಂಬ ಶಿಶುವಿಹಾರ ಆರಂಭವಾಯಿತು. ಹೆಸರಿನ ಅರ್ಥ 'ನುಡಿಯ ಗೂಡು'. ಅಲ್ಲಿ ಶಿಶುಗಳೊಡನೆ ಹವಾಯಿ ಭಾಷೆಯನ್ನು ಬಿಟ್ಟು ಬೇರೊಂದನ್ನು ಆಡುವುದಿಲ್ಲ. ತಂದೆತಾಯಿಗಳು ಶಾಲೆಗಾಗಿ ತಿಂಗಳಿಗೆ ಇಂತಿಷ್ಟು ಗಂಟೆ ದುಡಿಯಬೇಕು, ತಾವೂ ಭಾಷೆಯನ್ನು ಕಲಿಯಬೇಕು. ಹಳೆಯ ನಿರ್ಬಂಧದ ಕಾನೂನು ಬದಲಾದುದು 1986ರಲ್ಲಿ. ಗೂಡು ಕಟ್ಟುವವರು ಅಲ್ಲಿಯವರೆಗೆ ಕಾಯಲಿಲ್ಲ. 1987ರಿಂದ ಸರಕಾರಿ ಶಾಲೆಗಳಲ್ಲಿಯೂ ಈ ಮಾಧ್ಯಮ ಬಂದಿತು. ಇಂದು ಸಾವಿರಾರು ಮಕ್ಕಳು ಆ ಭಾಷೆಯಲ್ಲಿ ಓದುತ್ತಿದ್ದಾರೆ.

ಇದರ ಫಲ ಲುಆವುಗಳಿಗೂ ತಟ್ಟಿತು ಎಂಬುದು ಕುತೂಹಲದ ಸಂಗತಿ. ಹೂಲಾದ ಹಳೆಯ ಶೈಲಿಯನ್ನು ಗುರುಮುಖದಿಂದ ಕಲಿತ, ಹಾಡಿನ ಅರ್ಥವನ್ನು ಬಲ್ಲ ನರ್ತಕ-ನರ್ತಕಿಯರು ಪ್ರವಾಸಿಗರ ರಂಗಕ್ಕೂ ಬಂದರು. ಇದು ಹವಾಯಿಯ ಕಥೆ, ಇದು ಸಮೋವದ್ದು, ಇದು ಟಹೀಟಿಯದು ಎಂದು ಪ್ರತ್ಯೇಕಿಸಿ ಹೇಳುವ ಲುಆವುಗಳು ಹುಟ್ಟಿಕೊಂಡವು. ಅಸಲು ಬೆಳೆದೊಡನೆ ಬಡ್ಡಿಯ ಗುಣವೂ ಹೆಚ್ಚಿತು. ಇದರ ವಿರುದ್ಧ ಕ್ರಮದಲ್ಲಿ, ಬಡ್ಡಿಯಿಂದ ಅಸಲು ಹುಟ್ಟಿದ ನಿದರ್ಶನ ಅಲ್ಲಿ ಕಾಣುವುದಿಲ್ಲ.

ಹೊರನಾಡಿನ ಸಂಜೆಗಳು

ಈಗ ಕನ್ನಡಿಯನ್ನು ಇತ್ತ ತಿರುಗಿಸಬಹುದು. ನವೆಂಬರ್ ತಿಂಗಳು ಬಂದೊಡನೆ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಕನ್ನಡಿಗರು ಸಂಭ್ರಮದಿಂದ ರಾಜ್ಯೋತ್ಸವವನ್ನಾಚರಿಸುತ್ತಾರೆ. ನಾಡಗೀತೆ, ಮಕ್ಕಳ ನೃತ್ಯ, ಒಂದು ಗಂಟೆಗೆ ಇಳಿಸಿದ ಯಕ್ಷಗಾನ ಪ್ರಸಂಗ, ಗಣ್ಯರಿಗೆ ಶಾಲು-ಹಾರ, ಕೊನೆಗೆ ಬಿಸಿಬೇಳೆಭಾತು, ಹೋಳಿಗೆ. ಮಹಾನಗರದ ಯಾಂತ್ರಿಕ ಬದುಕಿನಲ್ಲಿ ಇಂಥ ಒಂದು ಸಂಜೆಯನ್ನು ಕಟ್ಟಿ ನಿಲ್ಲಿಸುವ ಕಾರ್ಯಕರ್ತರ ಶ್ರಮ ಸಾಮಾನ್ಯವಾದುದಲ್ಲ. ಅದನ್ನು ಹಗುರಾಗಿ ಕಾಣುವುದು ಕೃತಘ್ನತೆಯಾದೀತು.

ಆದರೆ ಆ ಸಭಾಭವನದಲ್ಲಿ ಕುಳಿತ ಹತ್ತು-ಹನ್ನೆರಡು ವರ್ಷದ ಹುಡುಗನನ್ನು ಗಮನಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ರಂಗದ ಮೇಲಿನ ಭಾಗವತರ ಪದ ಅವನಿಗೆ ತಿಳಿಯದು. ಕಂಸಾಳೆಯ ಗುಡ್ಡರು ಮಲೆಯ ಮಾದೇಶ್ವರನ ದೀಕ್ಷೆ ಪಡೆದವರೆಂಬುದನ್ನು ಅವನಿಗೆ ಯಾರೂ ಹೇಳಿಲ್ಲ. ಅವನ ಪಾಲಿಗೆ ಅದೊಂದು ತಾಳದ ಚಮತ್ಕಾರ. ಎಲೆಯ ಮೇಲಿನ ಕೋಸಂಬರಿ ಅವನಿಗೆ ವರ್ಷಕ್ಕೊಮ್ಮೆ ಕಾಣುವ ವಿಚಿತ್ರ ವಸ್ತು. ಅವನು ಫೋಟೋ ತೆಗೆಯುತ್ತಾನೆ, ಚಪ್ಪಾಳೆ ತಟ್ಟುತ್ತಾನೆ, ಊಟ ಮಾಡಿ ಹೊರಡುತ್ತಾನೆ. ವೈಕೀಕಿಯ ಪ್ರವಾಸಿಗೂ ಅವನಿಗೂ ಇರುವ ವ್ಯತ್ಯಾಸವೇನು? ಪ್ರವಾಸಿಯಾದರೋ ಟಿಕೇಟು ಕೊಂಡು ಬಂದವನು. ತನಗೆ ಸ್ವಂತವಾದ ಇನ್ನೊಂದು ಊರು ಅವನಿಗಿದೆ. ಈ ಹುಡುಗನು ತನ್ನದೇ ಮನೆಯಲ್ಲಿ ಅತಿಥಿಯಾಗಿದ್ದಾನೆ.

ಇದು ತಂದೆತಾಯಿಗಳ ಮೇಲೆ ಹೊರಿಸುವ ಆರೋಪವಲ್ಲ. ದಿನಕ್ಕೆ ಮೂರು ಗಂಟೆ ರೈಲು-ಬಸ್ಸುಗಳಲ್ಲಿ ಕಳೆಯುವವರು, ವರ್ಗಾವಣೆಯ ನೌಕರಿಯಲ್ಲಿ ಊರಿಂದೂರಿಗೆ ಅಲೆಯುವವರು, ಮಗನಿಗೆ ಇಂಗ್ಲಿಷು, ಹಿಂದಿ, ಸ್ಥಳೀಯ ಭಾಷೆಗಳ ಜೊತೆಗೆ ಕನ್ನಡವನ್ನೂ ಕಲಿಸುವುದು ಹೇಗೆಂದು ಕೇಳಿದರೆ ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಮುಂಬಯಿಯಲ್ಲಿ ಹೋಟೆಲ್ ಕಾರ್ಮಿಕರ ಬಾಳನ್ನು ತಿದ್ದಿದ ಕನ್ನಡ ರಾತ್ರಿಶಾಲೆಗಳು ಒಂದೊಂದಾಗಿ ಮುಚ್ಚಿದುದಕ್ಕೆ ಯಾರೋ ಒಬ್ಬರನ್ನು ದೂರಿ ಫಲವಿಲ್ಲ. ಕಾಲ ಬದಲಾಯಿತು. ಆದರೆ ಹವಾಯಿಯ ತಂದೆತಾಯಿಗಳಿಗೂ ಹೊಟ್ಟೆಪಾಡಿತ್ತು. ಅವರ ಬೆನ್ನಿಗಾದರೂ ನಾಲ್ಕೂವರೆ ಕೋಟಿಗಿಂತ ಹೆಚ್ಚು ಜನ ಆಡುವ ಭಾಷೆಯಾಗಲಿ, ಒಂದು ಸರಕಾರದ ಬೆಂಬಲವಾಗಲಿ, ಒಂದು ರಾತ್ರಿಯ ಪ್ರಯಾಣದಲ್ಲಿ ಮುಟ್ಟಬಹುದಾದ ತವರೂರಾಗಲಿ ಇರಲಿಲ್ಲ. ಹೊರನಾಡ ಕನ್ನಡಿಗರಿಗೆ ಇವೆಲ್ಲವೂ ಇವೆ.

ಹಾಗಾದರೆ ಸಂಘಗಳು ಮಾಡಬಹುದಾದುದೇನು? ಸಾಂಸ್ಕೃತಿಕ ಸಂಜೆಗಳನ್ನು ನಿಲ್ಲಿಸಬೇಕಾಗಿಲ್ಲ. ವಾರ್ಷಿಕ ಲೆಕ್ಕಪತ್ರವನ್ನು ಬೇರೊಂದು ಕಣ್ಣಿನಿಂದ ನೋಡಿದರೆ ಸಾಕು. ಮಂಟಪ, ದೀಪಾಲಂಕಾರ, ಭೋಜನ, ನೆನಪಿನ ಕಾಣಿಕೆಗಳಿಗೆ ಆದ ವೆಚ್ಚ ಒಂದು ಕಡೆ. ಭಾನುವಾರದ ಕನ್ನಡ ತರಗತಿ, ಪುಸ್ತಕಭಂಡಾರ, ಕಲಿಸುವವರ ಗೌರವಧನಕ್ಕೆ ಆದ ವೆಚ್ಚ ಇನ್ನೊಂದು ಕಡೆ. ಎರಡನೆಯ ಕಡೆ ಸೊನ್ನೆಯಿದ್ದರೆ ಆ ಸಂಘ ಅಸಲನ್ನು ಖರ್ಚು ಮಾಡುತ್ತಿದೆ ಎಂದೇ ಅರ್ಥ. ಲೆಕ್ಕಪರಿಶೋಧಕರು ಇದನ್ನು ಎತ್ತಿ ತೋರಿಸುವುದಿಲ್ಲ. ಸದಸ್ಯರೇ ಸರ್ವಸಾಧಾರಣ ಸಭೆಯಲ್ಲಿ ಕೇಳಬೇಕು.

ಇನ್ನುಳಿದ ಕೆಲಸಗಳಿಗೆ ಹಣವೂ ಬೇಡ. ಮಕ್ಕಳು ಕುಣಿಯಲಿರುವ ಹಾಡಿನ ಅರ್ಥವನ್ನು ಹೆಜ್ಜೆ ಕಲಿಸುವ ಮೊದಲು ಒಬ್ಬ ಹಿರಿಯರು ಕುಳಿತು ಹೇಳಬಹುದು. ಪ್ರಸಂಗವನ್ನು ಕತ್ತರಿಸುವಾಗ ಕುಣಿತವನ್ನು ಉಳಿಸಿ ಮಾತನ್ನು ಕತ್ತರಿಸುವ ಬದಲು ಮಾತಿಗೂ ಹತ್ತು ನಿಮಿಷ ಬಿಡಬಹುದು. ಅಡಿಗೆಯವರಿಗೆ ಗುತ್ತಿಗೆ ಕೊಟ್ಟ ಊಟದ ಜೊತೆಗೆ, ತಿಂಗಳಿಗೊಮ್ಮೆ ಮನೆಮನೆಗಳಲ್ಲಿ ಮಕ್ಕಳ ಕೈಯಿಂದಲೇ ರಾಗಿಮುದ್ದೆಯನ್ನು ತಿರುವಿಸಬಹುದು, ಜೋಳದ ರೊಟ್ಟಿಯನ್ನು ತಟ್ಟಿಸಬಹುದು, ಕೆಸುವಿನ ಎಲೆಗೆ ಹಿಟ್ಟು ಸವರಿಸಬಹುದು. ರಾಗಿಯಲ್ಲಿ ಸುಣ್ಣದ ಅಂಶವೂ ನಾರಿನ ಅಂಶವೂ ಹೇರಳವಾಗಿರುವುದೆಂದು ಆಹಾರತಜ್ಞರು ಹೇಳುತ್ತಲೇ ಬಂದಿದ್ದಾರೆ. ಉತ್ಸವದ ದಿನ ಒಂದು ತುತ್ತು ತಿಂದು ಮೆಚ್ಚುವುದರಿಂದ ಎಲುಬು ಗಟ್ಟಿಯಾಗದು. ವಾರಕ್ಕೆ ಮೂರು ದಿನ ತಿಂದರೆ ಆದೀತು. ಭಾಷೆಯ ಎಲುಬಿಗೂ ಇದೇ ಪಥ್ಯ.

ವೈಕೀಕಿಯಲ್ಲಿ ಪ್ರತಿರಾತ್ರಿ ಒಂಬತ್ತರ ಹೊತ್ತಿಗೆ ಪ್ರವಾಸಿಗರ ಬಸ್ಸುಗಳು ಹೊರಡುತ್ತವೆ. ಪಂಜುಗಳನ್ನು ಆರಿಸಲಾಗುತ್ತದೆ. ನರ್ತಕಿ ವೇಷ ಕಳಚಿ ಮನೆಗೆ ಹೋಗುತ್ತಾಳೆ. ನಿದ್ದೆಗಣ್ಣಿನ ಮಗುವನ್ನು ಅವಳು ಯಾವ ಭಾಷೆಯಲ್ಲಿ ತಟ್ಟಿ ಮಲಗಿಸುತ್ತಾಳೆ, ಬೆಳಗಾದ ಮೇಲೆ ಅದಕ್ಕೆ ಏನನ್ನು ಉಣಿಸುತ್ತಾಳೆ ಎಂಬುದರ ಮೇಲೆ ಹವಾಯಿಯ ಸಂಸ್ಕೃತಿಯ ಅಳಿವು-ಉಳಿವು ನಿಂತಿದೆ. ಅದನ್ನು ಯಾವ ಪ್ರವಾಸಿಯೂ ಕಾಣಲಾರನು. ಕನ್ನಡ ಸಂಘದ ಸಂಜೆಯೂ ಹೀಗೆಯೇ ಮುಗಿಯುತ್ತದೆ. ತಾಂಬೂಲವಾಗಿ, ಬೀಳ್ಕೊಡುಗೆಯಾಗಿ, ಸಂಸಾರಗಳು ತಂತಮ್ಮ ವಾಹನಗಳಲ್ಲಿ ಮನೆಯ ಹಾದಿ ಹಿಡಿಯುತ್ತವೆ. ಆ ಹಾದಿಯಲ್ಲಿ ಹುಡುಗನು "ಅಪ್ಪಾ, ಆ ವೇಷ ಯಾರದು?" ಎಂದು ಯಾವ ಭಾಷೆಯಲ್ಲಿ ಕೇಳುತ್ತಾನೆ, ಅಪ್ಪ ಯಾವ ಭಾಷೆಯಲ್ಲಿ ಉತ್ತರಿಸುತ್ತಾನೆ ಎಂಬುದೇ ಆ ವರ್ಷದ ಉತ್ಸವದ ನಿಜವಾದ ಜಮಾಖರ್ಚು.